ಹತ್ತು ನಂಬರಿನ ಗುಂಡಿ

ಎಸ್‌ಜೆಪಿ ರಸ್ತೆಯ ಒಳಸಂದಿಯ ಅಂಗಡಿಯಲ್ಲಿ
ಖೋಜೇಮಾ ಭಾಯಿ ಎರಡು ಸ್ಪ್ಯಾನರು ತಂದು
ಗಾಜಿನ ಮೇಲಿಟ್ಟ. ಎರಡೂ ಹದಿನಾಲ್ಕು-ಹದಿನೈದು.
ಒಂದು ಜಲಂಧರದ್ದು, ತೊಂಬತ್ತು ರೂಪಾಯಿ,
ಎಣ್ಣೆಕಾಗದದಲ್ಲಿ ಸುತ್ತಿದ್ದು, ಬಿಸಿ ಬೋಂಡದ ಹಾಗೆ.
ಇನ್ನೊಂದು ಜರ್ಮನಿಯದು. ರೇಟು ಹೇಳುವ ಮೊದಲು
ನನ್ನ ಚಪ್ಪಲಿ ನೋಡಿದ.

"ಜೀವಮಾನ ಗ್ಯಾರಂಟಿ" ಅಂದ.
ಯಾರ ಜೀವಮಾನ? ಅಂದೆ.
ನನ್ನದೋ, ಸ್ಪ್ಯಾನರಿನದೋ, ನಿಮ್ಮ ಅಂಗಡಿಯದೋ?
ಅವನು ನಕ್ಕು ಫ್ಯಾನಿನ ಕಡೆ ನೋಡಿದ.

ನನಗೆ ಕೆಲಸ ಕಲಿಸಿದ್ದು ಲಿಂಗರಾಜಪುರದ ಅಂತೋಣಿ ಮೇಸ್ತ್ರಿ.
ಅವರ ಮರದ ಪೆಟ್ಟಿಗೆಯಲ್ಲಿ
ಕಂಪನಿಯ ಹೆಸರುಗಳೆಲ್ಲ ಸವೆದುಹೋಗಿದ್ದವು.
ಅಗ್ಗದ್ದು ಯಾವುದು, ದುಬಾರಿ ಯಾವುದು,
ಕಣ್ಣಿಗೆ ತಿಳಿಯುತ್ತಿರಲಿಲ್ಲ, ಗೆಣ್ಣಿಗೆ ತಿಳಿಯುತ್ತಿತ್ತು:
ಬಾಯಿ ಅಗಲಿದ ಸ್ಪ್ಯಾನರು ಜಾರಿದಾಗ
ಸೈಲೆನ್ಸರಿಗೆ ಬಡಿದ ನಾಲ್ಕು ಗೆಣ್ಣುಗಳು
ಬೆಲೆಪಟ್ಟಿ ಓದಿ ಹೇಳುತ್ತಿದ್ದವು.
ಬೋಲ್ಟಿನ ಆರು ಮೂಲೆ ಸವೆದು ಗೋಲಿಯಾಯಿತೋ,
ಆಮೇಲೆ ಉಳಿ, ಸುತ್ತಿಗೆ, ಸೀಮೆಎಣ್ಣೆ, ಪ್ರಾರ್ಥನೆ.
ಮೇಸ್ತ್ರಿ ಈ ಕ್ರಮ ತಪ್ಪಿಸುತ್ತಿರಲಿಲ್ಲ.
ಪ್ರಾರ್ಥನೆ ತಮಿಳಿನಲ್ಲಿ.

ಆದರೂ ಒಂದು ಮಾತು.
ಹಳೆಯ ವ್ಯಾನೊಂದರ ಕಾರ್ಬೊರೇಟರಿನ ಹಿಂದೆ ಒಂದು ನಟ್ಟು,
ದೇವರಿಗೂ ಕೈ ತೂರದ ಸಂದಿಯಲ್ಲಿ.
ಮೇಸ್ತ್ರಿ ಅಗ್ಗದ ಹನ್ನೆರಡನ್ನು ಗ್ಯಾಸಿನ ಉರಿಗೆ ಹಿಡಿದು
ಕೆಂಪಗೆ ಕಾಯಿಸಿ, ಕುಡುಗೋಲಿನ ಹಾಗೆ ಬಗ್ಗಿಸಿ,
ಅರ್ಧ ಹಿಡಿ ಕತ್ತರಿಸಿ ಎಸೆದರು. ಹೊಕ್ಕಿತು.
ಇಪ್ಪತ್ತು ವರ್ಷ ಆ ಒಂದೇ ನಟ್ಟಿಗೆ ದುಡಿಯಿತು ಅದು.
ಜರ್ಮನಿಯದನ್ನು ಯಾರು ಕಾಯಿಸುತ್ತಾರೆ?
ಅದಕ್ಕೆ ನಾವೇ ಬಗ್ಗಬೇಕು.

ಕೊನೆಗೆ ಚೀಟಿ ಎತ್ತಿ, ಒಂದು ಸ್ಪ್ಯಾನರಲ್ಲ,
ಸಾಕೆಟ್ಟಿನ ಇಡೀ ಸೆಟ್ಟೇ ತಂದೆ.
ಪ್ರತಿಯೊಂದಕ್ಕೂ ಕಪ್ಪು ಫೋಮಿನಲ್ಲಿ ಅದರದೇ ಗುಂಡಿ.
ಹಿಡಿ ತಿರುಗಿಸಿದರೆ ಗಡಿಯಾರಕ್ಕೆ ಕೀ ಕೊಟ್ಟ ಸದ್ದು.
ತುಕ್ಕು ತಿಂದ ಬೋಲ್ಟು ಟಿಕ್ಕೆಂದು ಬಿಟ್ಟುಕೊಟ್ಟಾಗ
ಗೆಣ್ಣುಗಳು ಸುಮ್ಮನಿದ್ದವು.
ನಿಜ ಹೇಳಬೇಕೆಂದರೆ, ದುಡ್ಡೆಲ್ಲ ಆ ಸುಮ್ಮನಿರುವುದಕ್ಕೇ.

ಒಂದೊಂದಕ್ಕೂ ನೇಲ್ ಪಾಲಿಶಿನ ಬೊಟ್ಟಿಟ್ಟು ಗುರುತು ಮಾಡಿದೆ.
ನನ್ನ ಉಗುರು ಆ ಬಣ್ಣ ಕಂಡು ಯಾವ ಕಾಲವಾಯಿತೋ.
ಪಕ್ಕದ ಟಿಂಕರಿಂಗಿನ ಪಳನಿವೇಲು ಬಂದು
"ಹದಿನೇಳು ಕೊಡಕ್ಕಾ, ಎರಡೇ ನಿಮಿಷ" ಅಂದ.
ಇಲ್ಲ ಅಂದೆ. ಡಬ್ಬಿ ನನ್ನ ಕಾಲ ಬಳಿಯೇ ಇತ್ತು.
ಹಳೆಯ ಪೆಟ್ಟಿಗೆ ಬೀದಿಗೆಲ್ಲ ಸೇರಿದ್ದಾಗಿತ್ತು,
ಇದಕ್ಕೆ ಬೀಗದ ಕೈ ಬಂತು, ಅದಕ್ಕೊಂದು ದಾರ,
ದಾರಕ್ಕೆ ನನ್ನ ಕತ್ತು.

ಗುರುವಾರ ಹುಡುಗ ತಬ್ರೇಜ್ ಹತ್ತು ನಂಬರನ್ನು
ಮೋರಿಗೆ ಬೀಳಿಸಿದ. ನಾನು ಕೂಗಿದ ಕೂಗಿಗೆ
ಎದುರಿನ ಕಬ್ಬಿನಹಾಲಿನ ಗಾಣ ನಿಂತಿತು.
ತೊಂಬತ್ತು ರೂಪಾಯಿಯದಾಗಿದ್ದರೆ
ತೊಂಬತ್ತು ರೂಪಾಯಿಯಷ್ಟೇ ಬೈಯುತ್ತಿದ್ದೆ.
ಮೊಣಕೈವರೆಗೆ ಕೆಸರಲ್ಲಿ ಕೈಯಾಡಿಸುತ್ತಾ
ಅತ್ತನೋ ಬೆವರಿದನೋ ಗೊತ್ತಾಗಲಿಲ್ಲ.
ಮೂರು ನಾಣ್ಯ, ಒಂದು ಸ್ಪಾರ್ಕ್ ಪ್ಲಗ್ಗು,
ಯಾರದೋ ಕಾಲುಂಗುರ ಸಿಕ್ಕವು.

"ಮುರಿದರೆ ತನ್ನಿ, ಬದಲಿಸಿಕೊಡ್ತೀನಿ.
ಕಳೆದರೆ ಗ್ಯಾರಂಟಿ ಇಲ್ಲ" ಅಂದ ಖೋಜೇಮಾ ಭಾಯಿ.
ಬಿಡಿಯಾಗಿಯೂ ಮಾರುವುದಿಲ್ಲವಂತೆ.
ಜಲಂಧರದ್ದೊಂದು ತಂದು ಆ ಗುಂಡಿಯಲ್ಲಿಟ್ಟಿದ್ದೇನೆ.
ಬೋಲ್ಟಿಗೆ ಸರಿಹೋಗುತ್ತದೆ, ಗುಂಡಿಗೆ ಕೂರುವುದಿಲ್ಲ.

ರಾತ್ರಿ ಹೆಣ್ಣೂರು ರಸ್ತೆಯ ಹಂಪುಗಳ ಮೇಲೆ
ತಬ್ರೇಜ್ ಸ್ಕೂಟರಿನ ಹಿಂದೆ, ಡಬ್ಬಿ ಅವನ ತೊಡೆಯ ಮೇಲೆ.
ಉಳಿದವೆಲ್ಲ ತೆಪ್ಪಗೆ, ಅದೊಂದೇ ಮಾತಾಡುತ್ತದೆ.
ಇಬ್ಬರೂ ಕೇಳಿಸದ ಹಾಗೆ ಇರುತ್ತೇವೆ.